ಕಚೇರಿಯ ಕಿರಿಕಿರಿ, ಹೊಟ್ಟೆಯ ಉರಿ

ಭಾನುವಾರ ಸಂಜೆ ತಲೆನೋವು, ಸೋಮವಾರ ಬೆಳಿಗ್ಗೆ ಹುಳಿತೇಗು. ರಜೆ ಹಾಕಿ ಊರಿಗೆ ಹೋದರೆ ಎರಡೂ ಮಾಯ. ಇಂಥ ತೊಂದರೆ ಹೇಳಿಕೊಂಡು ಬರುವವರನ್ನು ಮಾತ್ರೆ ಬರೆಯುವ ಮೊದಲು ನಾನು ಒಂದು ಪ್ರಶ್ನೆ ಕೇಳುವುದುಂಟು: ‘ಕಚೇರಿಯಲ್ಲಿ ನಿಮ್ಮ ಪಕ್ಕದಲ್ಲಿ ಕೂರುವವರು ಯಾರು?’ ಮೊದಲು ನಗುತ್ತಾರೆ. ಆಮೇಲೆ ಹತ್ತು ನಿಮಿಷ ಅದೇ ಮಾತು.

ಸಹೋದ್ಯೋಗಿಗಳನ್ನು ನಾವು ಆರಿಸಿಕೊಂಡಿರುವುದಿಲ್ಲ. ಒಬ್ಬರು ಫೋನಿನಲ್ಲಿ ಕೂಗಿಯೇ ಮಾತನಾಡುವವರು, ಇನ್ನೊಬ್ಬರು ನೀವು ಹಾಕಿದ ಫ್ಯಾನನ್ನು ಆರಿಸುವವರು, ಮತ್ತೊಬ್ಬರು ಊಟದ ಹೊತ್ತು ಸಮೀಪಿಸಿದರೆ ಎಲ್ಲರ ಮೇಲೂ ರೇಗುವವರು. ಜಗಳವಾಡುವಷ್ಟು ದೊಡ್ಡ ವಿಷಯಗಳಲ್ಲ, ನಿಜ. ಆದರೆ ಸಿಟ್ಟನ್ನು ನುಂಗಿದಾಗಲೂ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸ ಮಾಡುತ್ತವೆ. ನಾಡಿ ಮತ್ತು ರಕ್ತದೊತ್ತಡ ಏರುತ್ತವೆ, ಕುತ್ತಿಗೆಯ ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ. ಹುಲಿ ಎದುರಾದರೆ ಓಡಲು ಇದು ಒಳ್ಳೆಯ ಏರ್ಪಾಡು. ಗುಮಾಸ್ತರ ಮೇಜಿನ ಮುಂದೆ ಓಡುವುದೆಲ್ಲಿಗೆ?

ಹಾಗೆಂದು ಹೊಟ್ಟೆಯ ಹುಣ್ಣಿಗೆಲ್ಲ ಸಹೋದ್ಯೋಗಿಯನ್ನು ದೂರಬೇಡಿ. ಹೆಚ್ಚಿನ ಹುಣ್ಣುಗಳಿಗೆ ಹೆಲಿಕೋಬ್ಯಾಕ್ಟರ್ ಎಂಬ ರೋಗಾಣು ಅಥವಾ ನೋವಿನ ಮಾತ್ರೆಗಳು ಕಾರಣ. ಈ ರೋಗಾಣುವಿನ ಪಾತ್ರವನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ವೈದ್ಯನ ಕಣ್ಣಿನಿಂದ ನೋಡಿದರೆ ಕೆಲವು ‘ವಿಚಿತ್ರ ಸ್ವಭಾವ’ಗಳು ಸ್ವಭಾವವೇ ಅಲ್ಲ. ಕೂಗಿ ಮಾತನಾಡುವವರಿಗೆ ಕಿವಿ ಮಂದವಾಗುತ್ತಿರಬಹುದು. ಕೆಲವೊಮ್ಮೆ ಗುಗ್ಗೆ ತೆಗೆಸಿದರೆ ಸಾಕು. ಸದಾ ಚಳಿ ಎನ್ನುವವರಲ್ಲಿ ರಕ್ತಹೀನತೆ ಅಥವಾ ಥೈರಾಯ್ಡ್ ಕೊರತೆ ಇರಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಊಟ ತಡವಾದಾಗ ರೇಗಿ, ಬೆವರಿ, ನಡುಗಿದರೆ ರಕ್ತದ ಸಕ್ಕರೆ ಇಳಿದಿರುವ ಸಂಭವ ಹೆಚ್ಚು. ವಾದಕ್ಕೆ ನಿಲ್ಲಬೇಡಿ. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿ.

ಉಳಿದವುಗಳಿಗೆ ಮಾತೇ ಮದ್ದು, ಅದೂ ಬೇಗನೆ, ಒಬ್ಬರೇ ಇದ್ದಾಗ. ‘ನೀವು ಯಾವಾಗಲೂ ಹೀಗೇ’ ಎಂದರೆ ಯಾರೂ ಬದಲಾಗುವುದಿಲ್ಲ. ‘ಸಾರ್, ಲೆಕ್ಕ ನೋಡುವಾಗ ನನಗೆ ತಪ್ಪಿಹೋಗುತ್ತೆ, ಸ್ವಲ್ಪ ವರಾಂಡದಲ್ಲಿ ಮಾತಾಡ್ತೀರಾ?’ ಎಂದರೆ ಬಹುಮಂದಿ ಎದ್ದು ಹೋಗುತ್ತಾರೆ. ಹೋಗದವರೂ ಇದ್ದಾರೆನ್ನಿ. ಅಂಥವರಿದ್ದರೆ ನಿಮ್ಮ ಕುರ್ಚಿಯನ್ನೇ ಸರಿಸಿಕೊಳ್ಳುವುದು ಸೋಲಲ್ಲ. ಆ ಸಿಟ್ಟಿಗೆ ಐದಾರು ಲೋಟ ಕಾಫಿ, ಸಿಗರೇಟು ಸುರಿಯುವುದು ಮಾತ್ರ ಉರಿಗೆ ತುಪ್ಪ.

ಅವಮಾನ, ಬೆದರಿಕೆಗಳನ್ನು ‘ಅವರ ಸ್ವಭಾವ’ ಎಂದು ಸಹಿಸಬೇಕಿಲ್ಲ. ಮಹಿಳೆಯರಿಗೆ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ದೂರು ಸಮಿತಿ ಇರಲೇಬೇಕು.

ಎದೆನೋವು, ಏದುಸಿರು ಕಂಡರೆ ‘ಆಫೀಸಿನ ಟೆನ್ಷನ್’ ಎಂದು ಮಲಗದೆ ತಕ್ಷಣ ಆಸ್ಪತ್ರೆಗೆ ಹೋಗಿ. ಎರಡು ವಾರದಿಂದ ನಿದ್ರೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎನ್ನುವವರು ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿಯೂ ಮಾತನಾಡಬಹುದು. ತಲೆನೋವಿನವರು ರಕ್ತದೊತ್ತಡವನ್ನು ಕೆಲಸದ ದಿನ ಒಮ್ಮೆ, ರಜೆಯ ದಿನ ಒಮ್ಮೆ ಅಳೆಸಿ ಬರೆದಿಟ್ಟುಕೊಳ್ಳಿ. ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆ ಚೀಟಿಯೊಂದಿಗೆ ನಿಮ್ಮ ವೈದ್ಯರಲ್ಲಿಗೆ ಬನ್ನಿ.