ಒಂದು ಕಾರಿನ ಜೀರ್ಣೋದ್ಧಾರ
(ಡಾಟ್ಸನ್ 240-ಝಡ್ ಕಾರನ್ನು ಮನೆಯಲ್ಲಿಯೇ ಪುನರುದ್ಧಾರಗೊಳಿಸುವ ಕ್ರಮ: ಒಂದು ಅಧ್ಯಯನ)

ಪೀಠಿಕೆ

ಜೀರ್ಣೋದ್ಧಾರವೆಂಬ ಮಾತನ್ನು ನಾವು ಸಾಮಾನ್ಯವಾಗಿ ದೇವಾಲಯ, ಕೆರೆ, ಬಾವಿಗಳ ಸಂದರ್ಭದಲ್ಲಿ ಬಳಸುತ್ತೇವೆ. ಶಿಥಿಲವಾದುದನ್ನು ಅದರ ಮೂಲ ಸ್ವರೂಪಕ್ಕೆ ಭಂಗ ಬಾರದಂತೆ ಮತ್ತೆ ನಿಲ್ಲಿಸುವುದೇ ಅದರ ತಾತ್ಪರ್ಯ. ಈ ಮಾತು ಯಂತ್ರಗಳಿಗೂ ಸಲ್ಲುತ್ತದೆ. ಐವತ್ತು ವರ್ಷ ಹಳೆಯದಾದ ಕಾರನ್ನು ಮನೆಯ ಶೆಡ್ಡಿನಲ್ಲಿ ಬಿಚ್ಚಿ, ತುಕ್ಕನ್ನು ತೆಗೆದು, ಸವೆದ ಭಾಗಗಳನ್ನು ಬದಲಿಸಿ ಮತ್ತೆ ರಸ್ತೆಗಿಳಿಸುವ ಕೆಲಸ ಅಮೆರಿಕ, ಜಪಾನ್, ಇಂಗ್ಲೆಂಡ್, ಆಸ್ಟ್ರೇಲಿಯ ಮುಂತಾದ ದೇಶಗಳಲ್ಲಿ ಸಾವಿರಾರು ಗೃಹಸ್ಥರ ಹವ್ಯಾಸವಾಗಿದೆ. ಮೇಲುನೋಟಕ್ಕೆ ಇದು ವಿನೋದ. ಒಳಹೊಕ್ಕು ನೋಡಿದರೆ ಇದರಲ್ಲಿ ಲೋಹಶಾಸ್ತ್ರ, ಉಷ್ಣಶಾಸ್ತ್ರ, ವಿದ್ಯುತ್ತು, ರಸಾಯನ ಇವೆಲ್ಲವೂ ಸೇರಿವೆ. ಇವುಗಳಿಗಿಂತ ಮಿಗಿಲಾಗಿ ಒಂದು ವಿವೇಕದ ಪ್ರಶ್ನೆಯಿದೆ: ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಲೇಬೇಕು?

ಈ ಪ್ರಶ್ನೆಯನ್ನು ಸ್ಪಷ್ಟಪಡಿಸುವುದಕ್ಕಾಗಿ ಜಪಾನಿನ ಪ್ರಸಿದ್ಧ ಕ್ರೀಡಾ ಕಾರೊಂದನ್ನು ನಿದರ್ಶನವಾಗಿ ಇಟ್ಟುಕೊಂಡು, ಆ ಕೆಲಸದ ಕ್ರಮವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಕಾರಿನ ಪೂರ್ವೋತ್ತರ

ಜಪಾನಿನ ನಿಸ್ಸಾನ್ ಸಂಸ್ಥೆ 1969ರ ಅಕ್ಟೋಬರಿನಲ್ಲಿ ‘ಫೇರ್‌ಲೇಡಿ ಝಡ್’ ಎಂಬ ಎರಡು ಆಸನದ ಕಾರನ್ನು ಪ್ರಕಟಿಸಿತು. ಉದ್ದನೆಯ ಮೂತಿ, ಹಿಂದಕ್ಕೆ ಇಳಿಜಾರಾದ ಛಾವಣಿ, ಮೇಲಕ್ಕೆತ್ತುವ ಹಿಂಬಾಗಿಲು ಇದರ ಲಕ್ಷಣಗಳು. ವಿನ್ಯಾಸ ತಂಡದ ಮುಂದಾಳು ಯೋಶಿಹಿಕೊ ಮತ್ಸುಓ. ಅಮೆರಿಕದಲ್ಲಿ ಇದು ‘ಡಾಟ್ಸನ್ 240-ಝಡ್’ ಎಂಬ ಹೆಸರಿನಿಂದ 3,526 ಡಾಲರ್ ಬೆಲೆಗೆ ಮಾರಾಟವಾಯಿತು. ಅಲ್ಲಿನ ಶಾಖೆಯ ಮುಖ್ಯಸ್ಥರಾಗಿದ್ದ ಯುತಾಕ ಕತಯಾಮ (1909-2015) ಅವರಿಗೆ ‘ಫೇರ್‌ಲೇಡಿ’ ಎಂಬ ಹೆಸರು ಹಿಡಿಸದೆ, ಮೊದಲು ಬಂದ ಕಾರುಗಳ ಫಲಕಗಳನ್ನು ಕೀಳಿಸಿ ‘240-ಝಡ್’ ಎಂಬುದನ್ನು ಹಚ್ಚಿಸಿದರೆಂದು ಪ್ರತೀತಿ.

ಹೆಸರಿನ ಅಂಕಿ ಎಂಜಿನ್ನಿನ ಗಾತ್ರವನ್ನು ಸೂಚಿಸುತ್ತದೆ. ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳು; ಪ್ರತಿಯೊಂದರ ವ್ಯಾಸ 83 ಮಿ.ಮೀ., ಪಿಸ್ಟನ್ನಿನ ಓಟ 73.7 ಮಿ.ಮೀ.; ಒಟ್ಟು 2,393 ಘನ ಸೆಂಟಿಮೀಟರು. ಗಣಿತದ ವಿದ್ಯಾರ್ಥಿಗಳು ಸಿಲಿಂಡರಿನ ಘನಫಲದ ಸೂತ್ರದಿಂದ ಇದನ್ನು ತಾವೇ ಲೆಕ್ಕಹಾಕಿ ತಾಳೆ ನೋಡಬಹುದು. ಮುಂದೆ 260-ಝಡ್, 280-ಝಡ್ ಎಂಬ ರೂಪಗಳು ಬಂದವು. 1978ರಲ್ಲಿ ಈ ಪೀಳಿಗೆ ಕೊನೆಗೊಳ್ಳುವಷ್ಟರಲ್ಲಿ ಐದು ಲಕ್ಷಕ್ಕೂ ಮೀರಿದ ಕಾರುಗಳು ತಯಾರಾಗಿದ್ದವು.

ಈ ಕಾರಿನ ಗಟ್ಟಿತನವನ್ನು ಲೋಕಕ್ಕೆ ತೋರಿಸಿದ್ದು ಪೂರ್ವ ಆಫ್ರಿಕದ ಸಫಾರಿ ರ‍್ಯಾಲಿ. 1971ರಲ್ಲಿಯೂ 1973ರಲ್ಲಿಯೂ 240-ಝಡ್ ಅಲ್ಲಿ ಪ್ರಥಮ ಸ್ಥಾನ ಗಳಿಸಿತು. 1973ರ ವಿಜಯಿ, ಯುಗಾಂಡದಲ್ಲಿ ಜನಿಸಿದ ಭಾರತೀಯ ಮೂಲದ ಶೇಖರ್ ಮೆಹ್ತಾ. ಅದೇ ರ‍್ಯಾಲಿಯನ್ನು ಅವರು ಒಟ್ಟು ಐದು ಸಲ ಗೆದ್ದರು. ನಮ್ಮ ದೇಶದ ಮಾರುಕಟ್ಟೆಗೆ 240-ಝಡ್ ಅಧಿಕೃತವಾಗಿ ಬರಲಿಲ್ಲ. ‘ಡಾಟ್ಸನ್’ ಎಂಬ ಹೆಸರು ಮಾತ್ರ 2014ರಲ್ಲಿ ಸಣ್ಣ ಕಾರೊಂದರ ಮೂಲಕ ಇಲ್ಲಿಗೆ ಬಂದು, 2022ರಲ್ಲಿ ಕಣ್ಮರೆಯಾಯಿತು.

ಮೊದಲ ಹೆಜ್ಜೆ: ಪರೀಕ್ಷೆ

ಹಳೆಯ ಕಾರನ್ನು ಕೊಳ್ಳುವವನು ಬಣ್ಣವನ್ನು ನೋಡಿ ಮೋಸಹೋಗಬಾರದು. ಈ ಕಾರಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿಸ್ ಇಲ್ಲ. ತೆಳುವಾದ ಉಕ್ಕಿನ ತಗಡುಗಳನ್ನು ಮಡಿಸಿ, ಬೆಸೆದು ಮಾಡಿದ ಪೆಟ್ಟಿಗೆಯೇ ಎಲ್ಲ ಭಾರವನ್ನೂ ಹೊರುತ್ತದೆ. ಆದಕಾರಣ ಇಲ್ಲಿ ತುಕ್ಕು ಎಂಬುದು ಕೇವಲ ಚರ್ಮರೋಗವಲ್ಲ, ಎಲುಬಿಗೆ ಹತ್ತಿದ ರೋಗ.

ತುಕ್ಕು ಹಿಡಿಯುವ ಸ್ಥಳಗಳು ಬಹುಮಟ್ಟಿಗೆ ನಿಶ್ಚಿತವಾಗಿವೆ. ಬ್ಯಾಟರಿಯ ಆಮ್ಲ ಸೋರಿ ಅದರ ಕೆಳಗಿನ ತಟ್ಟೆಯನ್ನೂ ಅದರ ಹಿಂದಿನ ಗೋಡೆಯನ್ನೂ ತಿಂದಿರುತ್ತದೆ. ನೆಲದ ತಗಡು, ಅದರ ಅಡಿಯಲ್ಲಿ ಉದ್ದಕ್ಕೂ ಹಾಯುವ ತೊಲೆಗಳು, ಬಾಗಿಲ ಕೆಳಗಿನ ಹೊಸ್ತಿಲು, ಹಿಂಚಕ್ರದ ಕಮಾನು, ಹೆಚ್ಚುವರಿ ಚಕ್ರವನ್ನಿಡುವ ಗುಳಿ, ಹಿಂಬಾಗಿಲು ಕೂರುವ ಅಂಚು ಇವನ್ನು ಒಂದೊಂದಾಗಿ ನೋಡಬೇಕು. ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಸರಿಸಿದರೆ, ದಪ್ಪನೆಯ ಪುಟ್ಟಿ ತುಂಬಿದ ಕಡೆಯಲ್ಲಿ ಅದು ಹಿಡಿಯುವುದಿಲ್ಲ. ಇದು ಅತ್ಯಂತ ಅಗ್ಗದ, ಅತ್ಯಂತ ನಂಬಿಕೆಯ ಪರೀಕ್ಷೆ.

ಎಂಜಿನ್ ಗೋಡೆಯ ಮೇಲೆ ಒತ್ತಿದ ಸಂಖ್ಯೆ, ತಟ್ಟೆಯ ಮೇಲಿನ ಸಂಖ್ಯೆ, ಕಾಗದಪತ್ರದ ಸಂಖ್ಯೆ ಇವು ಒಂದೇ ಆಗಿರಬೇಕು. ಎಡಬದಿ ಚಾಲನೆಯ 240-ಝಡ್ ಆದರೆ ಸಂಖ್ಯೆಯು ‘ಎಚ್‌ಎಲ್‌ಎಸ್30’ ಎಂದೂ, ಬಲಬದಿಯದಾದರೆ ‘ಎಚ್‌ಎಸ್30’ ಎಂದೂ ಆರಂಭವಾಗುತ್ತದೆ.

ಬಿಚ್ಚುವ ವಿದ್ಯೆ

ಜೋಡಿಸುವವನ ಜಾಣತನವು ಬಿಚ್ಚುವಾಗಲೇ ತಿಳಿಯುತ್ತದೆ. ಬಿಚ್ಚುವ ಮುನ್ನ ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆಯಬೇಕು; ಬೋಲ್ಟುಗಳನ್ನು ಚೀಲಗಳಲ್ಲಿ ಹಾಕಿ ಹೆಸರು ಬರೆಯಬೇಕು; ವಿದ್ಯುತ್ ತಂತಿಗಳ ತುದಿಗಳಿಗೆ ಚೀಟಿ ಕಟ್ಟಬೇಕು; ಎಲ್ಲವನ್ನೂ ಒಂದು ದಿನಚರಿಯಲ್ಲಿ ದಾಖಲಿಸಬೇಕು. ಎರಡು ವರ್ಷದ ನಂತರ ಮರುಜೋಡಿಸುವಾಗ ನೆನಪು ಕೈಕೊಡುತ್ತದೆ, ಬರಹ ಕೈಕೊಡುವುದಿಲ್ಲ.

ಈ ಕಾರಿನಲ್ಲಿ ಬಿಚ್ಚುವವನ ತಾಳ್ಮೆಯನ್ನು ಹೆಚ್ಚಾಗಿ ಪರೀಕ್ಷಿಸುವುದು ಹಿಂಚಕ್ರದ ಕೆಳತೋಳನ್ನು ಹಿಡಿದಿಡುವ ಉದ್ದನೆಯ ಉಕ್ಕಿನ ಸರಳು. ದಶಕಗಳ ನೀರು, ಕೆಸರುಗಳಿಂದ ಅದು ತನ್ನ ತೂತಿನಲ್ಲಿಯೇ ಬೆಸೆದಂತೆ ಕಚ್ಚಿಕೊಂಡಿರುತ್ತದೆ. ಸುತ್ತಿಗೆಯಿಂದ ಬಡಿದರೆ ತುದಿಯ ಮರೆಸುತ್ತು ಕೆಟ್ಟು ಸರಳು ಮತ್ತೂ ಬಿಗಿಯುತ್ತದೆ. ಮಧ್ಯದ ತಡೆಬೆಣೆಯನ್ನು ಮೊದಲು ತೆಗೆದು, ತುಕ್ಕು ಸಡಿಲಿಸುವ ಎಣ್ಣೆಯನ್ನು ದಿನಗಟ್ಟಲೆ ಊಡಿಸಿ, ಒತ್ತುಯಂತ್ರದಿಂದ ಹೊರದೂಡುವುದು ಸರಿಯಾದ ಮಾರ್ಗ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಕೇವಲ ಜಾಕಿನ ಆಧಾರದ ಮೇಲೆ ನಿಂತ ಕಾರಿನ ಅಡಿಗೆ ಯಾರೂ ಹೋಗಕೂಡದು. ಗಟ್ಟಿ ನೆಲದ ಮೇಲೆ ಉಕ್ಕಿನ ಸ್ಟ್ಯಾಂಡುಗಳಿರಬೇಕು. ವೆಲ್ಡಿಂಗಿಗೆ ಮೊದಲು ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರ ಸಾಗಿಸಬೇಕು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕರ, ಏಕೆಂದರೆ ಅದರಲ್ಲಿ ಸ್ಫೋಟಿಸಬಲ್ಲ ಆವಿ ತುಂಬಿರುತ್ತದೆ. ಹಳೆಯ ಬ್ರೇಕ್ ಲೈನರಿನ ಧೂಳಿನಲ್ಲಿ ಕಲ್ನಾರು ಇರುವ ಸಂಭವವುಂಟು. ಅದನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಮೈಕಟ್ಟಿನ ದುರಸ್ತಿ

ಕೊಳೆತ ತಗಡನ್ನು ಕತ್ತರಿಸುವುದು ಸುಲಭ. ಕತ್ತರಿಸಿದ ಮೇಲೆ ಕಾರು ತನ್ನ ಆಕಾರವನ್ನು ಉಳಿಸಿಕೊಳ್ಳುವಂತೆ ಮಾಡುವುದು ಕಷ್ಟ. ಹೊಸ್ತಿಲನ್ನೂ ನೆಲವನ್ನೂ ಒಮ್ಮೆಲೇ ತೆಗೆದರೆ ಪೆಟ್ಟಿಗೆ ಬಾಗುತ್ತದೆ. ಆಮೇಲೆ ಬಾಗಿಲು ಎಂದಿಗೂ ಸರಿಯಾಗಿ ಮುಚ್ಚುವುದಿಲ್ಲ. ಆದ್ದರಿಂದ ಕತ್ತರಿಸುವ ಮೊದಲು ಬಾಗಿಲಿನ ಸುತ್ತಲ ಸಂದನ್ನು ಅಳೆದು ಬರೆದುಕೊಂಡು, ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಉಕ್ಕಿನ ಕೊಳವೆಗಳನ್ನು ಬೆಸೆದು ಭದ್ರಪಡಿಸಬೇಕು. ಒಂದು ಬದಿಯನ್ನು ಮುಗಿಸಿದ ಮೇಲೆಯೇ ಇನ್ನೊಂದು ಬದಿ.

ತೆಳುವಾದ ತಗಡಿನ ಮೇಲೆ ಒಂದೇ ಸಮನೆ ವೆಲ್ಡಿಂಗ್ ಎಳೆದರೆ ಕಾವಿಗೆ ತಗಡು ಹಿಗ್ಗಿ ಅಲೆಯಲೆಯಾಗುತ್ತದೆ. ದೂರದೂರಕ್ಕೆ ಚುಕ್ಕೆಗಳನ್ನಿಟ್ಟು, ಒಂದು ಆರುವವರೆಗೆ ಮತ್ತೊಂದೆಡೆ ಕೆಲಸಮಾಡಿ, ನಿಧಾನವಾಗಿ ಚುಕ್ಕೆಗಳನ್ನು ಕೂಡಿಸಬೇಕು. ಟೊಳ್ಳು ಭಾಗಗಳ ಒಳಗೆ ಮೇಣದಂತಹ ರಕ್ಷಕ ದ್ರವವನ್ನು ಸಿಂಪಡಿಸದಿದ್ದರೆ ತುಕ್ಕು ಒಳಗಿನಿಂದ ಮರಳಿ ಬರುತ್ತದೆ. ಎರಡು ದ್ರವಗಳನ್ನು ಬೆರೆಸಿ ಹೊಡೆಯುವ ಆಧುನಿಕ ಬಣ್ಣಗಳಲ್ಲಿನ ಐಸೊಸಯನೇಟ್ ಶ್ವಾಸಕೋಶಕ್ಕೆ ಹಾನಿಕರ. ಮುಖಕ್ಕೆ ಕಟ್ಟಿದ ಸಾಧಾರಣ ಬಟ್ಟೆ ಅದನ್ನು ತಡೆಯಲಾರದು. ಹೊರಗಿನ ಶುದ್ಧ ಗಾಳಿಯನ್ನೊದಗಿಸುವ ಮುಖವಾಡವಿಲ್ಲದವರು ಬಣ್ಣದ ಕೆಲಸವನ್ನು ವೃತ್ತಿಪರರಿಗೆ ಒಪ್ಪಿಸುವುದು ಲೇಸು.

ಎಂಜಿನ್ನಿನ ನಾಡಿ

ವೈದ್ಯನು ನಾಡಿ ನೋಡದೆ ಔಷಧಿ ಕೊಡುವುದಿಲ್ಲ. ಎಂಜಿನ್ನಿನ ನಾಡಿಯೆಂದರೆ ಸಿಲಿಂಡರುಗಳೊಳಗಿನ ಒತ್ತಡ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಒಂದೊಂದರಲ್ಲಿಯೂ ಮಾಪಕವನ್ನಿಟ್ಟು ಅಳೆಯಬೇಕು. ಅಂಕಿ ಎಷ್ಟು ದೊಡ್ಡದೆಂಬುದಕ್ಕಿಂತ ಆರೂ ಸಮವಾಗಿವೆಯೇ ಎಂಬುದು ಮುಖ್ಯ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ಪಿಸ್ಟನ್ ರಿಂಗಿನದು, ಏರದಿದ್ದರೆ ವಾಲ್ವಿನದು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೆ ಇಳಿದಿದ್ದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿದೆಯೆಂದು ಊಹಿಸಬಹುದು. ಕಾರ್ಯದಿಂದ ಕಾರಣವನ್ನು ಅನುಮಾನಿಸುವ ತರ್ಕಕ್ಕೆ ಇದಕ್ಕಿಂತ ಒಳ್ಳೆಯ ಪಾಠ ತರಗತಿಯಲ್ಲಿಯೂ ದೊರೆಯಲಾರದು.

ಎಂಜಿನ್ನಿನ ಕೆಳಭಾಗ ಎರಕದ ಕಬ್ಬಿಣ, ಮೇಲಿನ ತಲೆ ಅಲ್ಯೂಮಿನಿಯಂ. ಬರಿಯ ನೀರನ್ನು ತುಂಬಿ ಓಡಿಸಿದ ಕಾರುಗಳಲ್ಲಿ ಅಲ್ಯೂಮಿನಿಯಂ ಕೊರೆದುಹೋಗಿರುತ್ತದೆ. ಅತಿಯಾಗಿ ಕಾದಿದ್ದರೆ ತಲೆ ಸೊಟ್ಟಗಾಗಿರುತ್ತದೆ. ತಲೆಯನ್ನು ಇಳಿಸುವಾಗ ಒಂದು ಮರದ ಬೆಣೆಯನ್ನು ಕಾಲನಿಯಾಮಕ ಸರಪಳಿಯ ನಡುವೆ ಸಿಕ್ಕಿಸಿಡುವುದು ಅವಶ್ಯ. ಬೆಣೆಯಿಲ್ಲದಿದ್ದರೆ ಸರಪಳಿ ಸಡಿಲಗೊಂಡು, ಅದನ್ನು ಬಿಗಿಯಾಗಿಡುವ ಗೂಟ ಹೊರಕ್ಕೆ ಜಾರಿ, ಎಂಜಿನ್ನಿನ ಇಡೀ ಮುಂಭಾಗವನ್ನು ಬಿಚ್ಚಬೇಕಾಗುತ್ತದೆ. ಮರದ ಒಂದು ಚೂರು ಎರಡು ದಿನಗಳ ದುಡಿಮೆಯನ್ನು ಉಳಿಸುತ್ತದೆ.

ವಾಲ್ವಿನ ಸಂದು, ಎಂಜಿನ್ ಬಿಸಿಯಾಗಿದ್ದಾಗ, ಒಳಗಾಳಿಯ ಕಡೆ 0.25 ಮಿ.ಮೀ., ಹೊರಹೊಗೆಯ ಕಡೆ 0.30 ಮಿ.ಮೀ. ಇರಬೇಕು. ಕಿಡಿ ಹಾರುವ ಕ್ರಮ 1-5-3-6-2-4. ಎರಡು ಕಾರ್ಬೊರೇಟರುಗಳು ತಲಾ ಮೂರು ಸಿಲಿಂಡರುಗಳಿಗೆ ಉಣಿಸುವುದರಿಂದ, ಎರಡೂ ಒಂದೇ ಪ್ರಮಾಣದ ಗಾಳಿಯನ್ನು ಎಳೆಯುವಂತೆ ಹೊಂದಿಸಬೇಕು. ಜೋಡಿ ಎತ್ತುಗಳಲ್ಲಿ ಒಂದು ಮುಂದಾದರೆ ನೇಗಿಲ ಸಾಲು ಸೊಟ್ಟಗಾಗುವಂತೆ, ಇವು ಸಮವಾಗದಿದ್ದರೆ ಎಂಜಿನ್ ಕುಂಟುತ್ತದೆ.

ಬದಲಿಸಲೇಬೇಕಾದುವು

ಕೆಲವು ವಸ್ತುಗಳ ವಿಷಯದಲ್ಲಿ ಮೂಲವೆಂಬ ಮಮತೆ ಸಲ್ಲದು. ರಬ್ಬರಿನ ಬ್ರೇಕ್ ಕೊಳವೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರಬಹುದು. ಆಗ ಕಾಲಿನ ಒತ್ತಡಕ್ಕೆ ದ್ರವ ಮುಂದೆ ಹೋಗುತ್ತದೆ, ಹಿಂದಿರುಗುವುದಿಲ್ಲ, ಚಕ್ರ ಹಿಡಿದುಕೊಂಡೇ ಇರುತ್ತದೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುವುದರಿಂದ ಹಳೆಯ ದ್ರವ ಬೇಗ ಕುದಿದು ಬ್ರೇಕನ್ನು ನಿಷ್ಫಲಗೊಳಿಸುತ್ತದೆ. ಇಂದಿನ ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಟಯರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. ಮೂರೇ ಅಂಕಿಗಳಿದ್ದರೆ ಅದು 2000ಕ್ಕಿಂತ ಹಿಂದಿನದು. ಮೇಲ್ಮೈ ಎಷ್ಟೇ ಹೊಸದಾಗಿ ಕಂಡರೂ ಅದು ರಸ್ತೆಗೆ ಯೋಗ್ಯವಲ್ಲ. ಇವುಗಳಲ್ಲಿ ಮಾಡುವ ಉಳಿತಾಯದ ಬೆಲೆಯನ್ನು ಒಳಗೆ ಕುಳಿತವರು ಮಾತ್ರವಲ್ಲ, ದಾರಿಹೋಕರೂ ತೆರಬೇಕಾದೀತು.

ಮಾರ್ಪಾಟಿನ ವಿವೇಕ

ಇನ್ನು ತನ್ನ ಅಭಿರುಚಿಗೆ ತಕ್ಕಂತೆ ಕಾರನ್ನು ಮಾರ್ಪಡಿಸುವ ವಿಚಾರ. ಇದು ಅಪಚಾರವೆಂದು ಹೇಳುವವರುಂಟು. ಆದರೆ ತಯಾರಕರೇ 1971ರಲ್ಲಿ ಉದ್ದ ಮೂತಿಯನ್ನೂ ಚಕ್ರಗಳ ಮೇಲೆ ಅಗಲವಾದ ಅಂಚುಗಳನ್ನೂ ಜೋಡಿಸಿದ ‘240-ಝಡ್‌ಜಿ’ ಎಂಬ ರೂಪವನ್ನು ಜಪಾನಿನಲ್ಲಿ ಹೊರತಂದಿದ್ದರು. ಆದಕಾರಣ ಮಾರ್ಪಾಟು ಈ ಕಾರಿನ ಚರಿತ್ರೆಯ ಭಾಗವೇ ಆಗಿದೆ. ಪ್ರಶ್ನೆ ಮಾರ್ಪಡಿಸಬೇಕೇ ಬೇಡವೇ ಎಂಬುದಲ್ಲ. ಮಾಡಿದುದನ್ನು ಹಿಂದಿರುಗಿಸಲು ಸಾಧ್ಯವೇ ಎಂಬುದು.

ಈ ಒರೆಗಲ್ಲಿನಿಂದ ನೋಡಿದರೆ ಮಾರ್ಪಾಟುಗಳು ಎರಡು ವಿಧ. ಮೊದಲನೆಯದು, ಬೋಲ್ಟು ಬಿಚ್ಚಿ ಹಿಂದಿನಂತೆ ಮಾಡಬಹುದಾದುದು. ಮೂಲದಲ್ಲಿ ದೀಪಗಳ ಪೂರ್ಣ ವಿದ್ಯುತ್ತು ಚಾಲಕನ ಕೈಬಳಿಯ ಸ್ವಿಚ್ಚಿನ ಮೂಲಕವೇ ಹರಿದು ಅದನ್ನು ಕಾಯಿಸುತ್ತದೆ. ರಿಲೇಗಳನ್ನು ಸೇರಿಸಿದರೆ ಸ್ವಿಚ್ಚು ಉಳಿಯುತ್ತದೆ, ದೀಪ ಪ್ರಖರವಾಗುತ್ತದೆ. ಸವೆಯುವ ಪಾಯಿಂಟುಗಳಿಗೆ ಬದಲಾಗಿ ಮುಂದಿನ ಪೀಳಿಗೆಯಾದ 280-ಝಡ್‌ಎಕ್ಸ್ ಕಾರಿನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರನ್ನು ಕೂರಿಸಬಹುದು. ನಾಲ್ಕು ಗೇರಿನ ಪೆಟ್ಟಿಗೆಗೆ ಬದಲು ಐದು ಗೇರಿನದನ್ನೂ, ಮೂಲ ಎಂಜಿನ್ನಿಗೆ ಬದಲು ಅದೇ ಕುಟುಂಬದ 2,753 ಘನ ಸೆಂಟಿಮೀಟರಿನದನ್ನೂ ಅಳವಡಿಸುವವರಿದ್ದಾರೆ. ಮೂಲ ಎಂಜಿನ್ನನ್ನು ಎಣ್ಣೆ ಸವರಿ ಜೋಪಾನವಾಗಿಟ್ಟರೆ ಯಾವ ನಷ್ಟವೂ ಇಲ್ಲ.

ಎರಡನೆಯದು, ಹಿಂದಿರುಗಲಾರದ ಮಾರ್ಪಾಟು. ಅಗಲ ಚಕ್ರಗಳಿಗಾಗಿ ಹಿಂಬದಿಯ ಕಮಾನನ್ನು ಕತ್ತರಿಸುವುದು, ಬೇರೆ ಜಾತಿಯ ದೊಡ್ಡ ಎಂಜಿನ್ನಿಗಾಗಿ ಗೋಡೆಯನ್ನು ಒಡೆಯುವುದು ಈ ವರ್ಗಕ್ಕೆ ಸೇರುತ್ತವೆ. ಹೆಚ್ಚಿದ ಶಕ್ತಿಗೆ ತಕ್ಕ ಬ್ರೇಕು, ಸ್ಪ್ರಿಂಗುಗಳಿಲ್ಲದಿದ್ದರೆ ಇದು ಅಪಾಯಕರವೂ ಹೌದು. ಈಗಾಗಲೇ ಕೊಳೆತು ಅಂಗಹೀನವಾದ ಕಾರಿನಲ್ಲಿ ಇಂತಹ ಪ್ರಯೋಗಗಳಿಗೆ ಅವಕಾಶವಿರಲಿ. ಅಖಂಡವಾಗಿ ಉಳಿದು ಬಂದ ಕಾರಿಗೆ ಗರಗಸ ಹಚ್ಚುವ ಮೊದಲು ನೂರು ಸಲ ಯೋಚಿಸಬೇಕು. 2020ರಲ್ಲಿ ಅಮೆರಿಕದ ಹರಾಜೊಂದರಲ್ಲಿ ಮೂಲರೂಪ ಕೆಡದ 1971ರ 240-ಝಡ್ ಒಂದು 3,10,000 ಡಾಲರಿಗೆ ಹೋಯಿತು. ಹಣದ ಮಾತು ಹಾಗಿರಲಿ. ಅಂದಿನ ಕೆಲಸಗಾರರು ಹೇಗೆ ಬೆಸೆದರು, ಹೇಗೆ ಹೊಲಿದರು, ಯಾವ ಬಣ್ಣ ಬಳಿದರು ಎಂಬುದಕ್ಕೆ ಅಂತಹ ಕಾರೇ ಸಾಕ್ಷಿ. ಒಮ್ಮೆ ಕತ್ತರಿಸಿದರೆ ಆ ಸಾಕ್ಷ್ಯ ನಾಶವಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಪ್ರಾಣಕ್ಕೆ ಸಂಬಂಧಿಸಿದುದನ್ನು ನಿರ್ದಾಕ್ಷಿಣ್ಯವಾಗಿ ಹೊಸದಾಗಿಸಬೇಕು. ರೂಪಕ್ಕೂ ಚರಿತ್ರೆಗೂ ಸಂಬಂಧಿಸಿದುದನ್ನು ಆದಷ್ಟೂ ಉಳಿಸಬೇಕು. ಅನುಕೂಲಕ್ಕಾಗಿ ಮಾಡುವ ಬದಲಾವಣೆ ಮುಂದಿನವರು ಬಿಚ್ಚಿ ಸರಿಪಡಿಸುವಂತಿರಬೇಕು. ಈ ನಿಯಮಗಳು ಕಾರಿಗೆ ಹೇಗೋ ಹಳೆಯ ಕಟ್ಟಡಕ್ಕೂ, ಹಳೆಯ ಹಸ್ತಪ್ರತಿಗೂ ಹಾಗೆಯೇ ಅನ್ವಯಿಸುತ್ತವೆ.

ಶಾಲೆಯ ಕಾರ್ಯಾಗಾರದಲ್ಲಿ ಜಪಾನಿನ ಕಾರು ಇರಬೇಕಾದುದಿಲ್ಲ. ಗುಜರಿಗೆ ಹೋಗಲಿರುವ ಸ್ಕೂಟರಿನ ಎಂಜಿನ್ನೊಂದು ಸಾಕು. ಅದನ್ನು ಬಿಚ್ಚುವ ವಿದ್ಯಾರ್ಥಿಯ ಕೈಗೆ ಸ್ಪಾನರ್ ಕೊಡುವ ಮೊದಲು ಒಂದು ನೋಟುಪುಸ್ತಕವನ್ನು ಕೊಡುವುದು ಉಚಿತ. ಏನನ್ನು ತೆಗೆದೆ, ಏನನ್ನು ಹಾಕಿದೆ, ಏಕೆ ಹಾಕಿದೆ ಎಂಬುದು ಅದರಲ್ಲಿ ಇರಬೇಕು. ಯಂತ್ರವು ಕೈ ಬದಲಾಯಿಸುವ ದಿನ ಆ ಪುಸ್ತಕವೂ ಅದರೊಡನೆ ಹೊಸ ಒಡೆಯನಿಗೆ ಸಲ್ಲಬೇಕು.