ದಾಖಲೆಗಳ ಶುದ್ಧತೆ ಮತ್ತು ಮ್ಯಾಕ್ರೊ

ಲೆಕ್ಕವನ್ನು ಬರೆಯುವುದು ಎಷ್ಟು ಮುಖ್ಯವೋ, ಬರೆದುದನ್ನು ತಾಳೆ ನೋಡುವುದೂ ಅಷ್ಟೇ ಮುಖ್ಯ. ಕೈಬರಹದ ಖಾತೆಪುಸ್ತಕದ ಸ್ಥಾನವನ್ನು ಇಂದು ಬಹುಮಟ್ಟಿಗೆ ಗಣಕಯಂತ್ರದ ಸ್ಪ್ರೆಡ್‌ಷೀಟು ಪಡೆದಿದೆ. ಯಂತ್ರವು ತಪ್ಪುವುದಿಲ್ಲವೆಂಬ ನಂಬಿಕೆಯಿಂದ ತಾಳೆ ನೋಡುವ ಪದ್ಧತಿಯು ಸಡಿಲವಾದರೆ ಅನರ್ಥವು ತಪ್ಪದು.

2020ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಸಂಗತಿಯೇ ಇದಕ್ಕೆ ನಿದರ್ಶನ. ಅಲ್ಲಿಯ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ನಮೂನೆಯ ಕಡತಗಳಿಗೆ ತುಂಬುತ್ತಿತ್ತು. ಆ ನಮೂನೆಯ ಒಂದು ಹಾಳೆಯಲ್ಲಿ 65,536 ಸಾಲುಗಳಿಗೆ ಮಾತ್ರ ಅವಕಾಶ. ಮಿಕ್ಕವು ಯಾರ ಗಮನಕ್ಕೂ ಬಾರದೆ ಬಿಟ್ಟುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿನ ಪ್ರಕರಣಗಳು ದೈನಂದಿನ ಲೆಕ್ಕದಿಂದ ಹೊರಗುಳಿದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಎಚ್ಚರಿಸುವ ಕಾರ್ಯವೂ ವಿಳಂಬವಾಯಿತು. ಬಂದ ಸಾಲುಗಳೆಷ್ಟು, ಸೇರಿದ ಸಾಲುಗಳೆಷ್ಟು ಎಂದು ನಿತ್ಯವೂ ಎಣಿಸಿದ್ದರೆ ಈ ಲೋಪವು ಕೂಡಲೇ ಬೆಳಕಿಗೆ ಬರುತ್ತಿತ್ತು.

ಇಂತಹ ಎಣಿಕೆಯನ್ನು ಬೇಸರವಿಲ್ಲದೆ ಮಾಡಬಲ್ಲ ಸಾಧನವೇ ಮ್ಯಾಕ್ರೊ. ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ಬರೆದಿಟ್ಟ ಆದೇಶಗಳ ಮಾಲೆ ಅದು. ಶಾಲೆಯ ದಾಖಲಾತಿ ಪುಸ್ತಕವನ್ನೇ ನೋಡೋಣ. ಒಂದೇ ದಾಖಲಾತಿ ಸಂಖ್ಯೆಯು ಇಬ್ಬರಿಗೆ ಬಿದ್ದಿದೆಯೇ? ಜನ್ಮದಿನಾಂಕದ ಸ್ಥಳ ಖಾಲಿ ಉಳಿದಿದೆಯೇ? ಹುಟ್ಟಿದ ದಿನವು ಶಾಲೆಗೆ ಸೇರಿದ ದಿನದ ಅನಂತರದ್ದಾಗಿದೆಯೇ? ನೂರು ಅಂಕಗಳ ಪತ್ರಿಕೆಯಲ್ಲಿ ನೂರನ್ನು ಮೀರಿದ ಅಂಕವಿದೆಯೇ? ಸಾವಿರಾರು ಸಾಲುಗಳನ್ನು ಮ್ಯಾಕ್ರೊ ಕೆಲವೇ ಕ್ಷಣಗಳಲ್ಲಿ ಹೀಗೆ ಪರೀಕ್ಷಿಸುತ್ತದೆ.

ಆದರೆ ತಪ್ಪನ್ನು ತಿದ್ದುವ ಅಧಿಕಾರವನ್ನು ಅದಕ್ಕೆ ಕೊಡಬಾರದು. ಸಂದೇಹಾಸ್ಪದ ಸಾಲುಗಳ ಸಂಖ್ಯೆಯನ್ನೂ ಕಾರಣವನ್ನೂ ಬೇರೊಂದು ಹಾಳೆಯಲ್ಲಿ ಪಟ್ಟಿಮಾಡಿದರೆ ಸಾಕು. ಮ್ಯಾಕ್ರೊ ಮಾಡಿದ ಬದಲಾವಣೆಯನ್ನು ಎಕ್ಸೆಲ್‌ನಲ್ಲಿ ಸಾಮಾನ್ಯವಾಗಿ ಹಿಂದಕ್ಕೆ ಪಡೆಯಲಾಗದು. ಆದುದರಿಂದ ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೆಯೇ ಅದನ್ನು ನಡೆಸಬೇಕು.

ಇದಕ್ಕೊಂದು ಮಿತಿಯೂ ಉಂಟು. ಜೂನ್ 12ಕ್ಕೆ ಬದಲಾಗಿ ಜೂನ್ 21 ಎಂದು ಬರೆದಿದ್ದರೆ ಈ ಪರೀಕ್ಷೆಗಳಾವುವೂ ಅದನ್ನು ಹಿಡಿಯಲಾರವು. ಎರಡೂ ಸಂಭವನೀಯ ದಿನಾಂಕಗಳೇ. ಶಾಲೆಯಲ್ಲಿ ಬರೆದ ಈ ದಿನಾಂಕವೇ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಸೇರಿ, ಮುಂದೆ ಉದ್ಯೋಗದ ಕಾಲದಲ್ಲಿಯೂ ವಿದ್ಯಾರ್ಥಿಯನ್ನು ಹಿಂಬಾಲಿಸುತ್ತದೆ. ಅದನ್ನು ಜನನ ಪ್ರಮಾಣಪತ್ರದೊಡನೆ ಹೋಲಿಸಿ ನೋಡುವ ಹೊಣೆ ಶಿಕ್ಷಕರದೇ.

ಗಣಕ ಕ್ಷೇತ್ರದಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ತಾವು ಕಲಿತ ಶಾಲೆಗೆ ಇಂತಹ ಒಂದು ಮ್ಯಾಕ್ರೊ ಬರೆದುಕೊಟ್ಟು, ಅದರ ಬಳಕೆಯನ್ನು ಗುಮಾಸ್ತರಿಗೆ ಕಲಿಸಿದರೆ ಅದೂ ಒಂದು ವಿದ್ಯಾದಾನವೇ ಸರಿ.