ಚೌಕುಳಿಗಳಲ್ಲಿ ಅಂಕಿಸಂಖ್ಯೆ

ಅಂಕಿಗಳ ಪಟ್ಟಿಯನ್ನು ಕಂಡೊಡನೆ ಪುಟ ತಿರುವಿಬಿಡುವ ವಾಚಕರು ಹಲವರು. ಅದೇ ಅಂಕಿಗಳನ್ನು ಚಿತ್ರರೂಪದಲ್ಲಿ ತೋರಿಸಿದರೆ ಅವರ ಕಣ್ಣು ಅಲ್ಲಿ ಕ್ಷಣಕಾಲವಾದರೂ ನಿಲ್ಲುತ್ತದೆ. ಆದರೆ ಚಿತ್ರವು ಅಂದವಾಗಿದ್ದರೆ ಸಾಲದು, ಸತ್ಯವನ್ನೂ ನುಡಿಯಬೇಕು. ಇವೆರಡನ್ನೂ ಸಾಧಿಸುವ ಒಂದು ಬಗೆಯ ಆಲೇಖವನ್ನು ಇಲ್ಲಿ ಪರಿಶೀಲಿಸೋಣ.

ಸ್ತಂಭಾಲೇಖವು ಹೊಸದಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರನು 1786ರಲ್ಲಿಯೇ ಅದನ್ನು ಅಚ್ಚು ಹಾಕಿಸಿದ್ದನು. ಸ್ತಂಭಗಳಿಗೆ ಬದಲಾಗಿ ಮನುಷ್ಯರ ಅಥವಾ ಧಾನ್ಯದ ಚೀಲಗಳ ಚಿತ್ರಗಳನ್ನು ಬರೆಯುವ ವಾಡಿಕೆಯೂ ಕಾಲಕ್ರಮದಲ್ಲಿ ಬಂದಿತು. ಇಲ್ಲೊಂದು ತೊಡಕುಂಟು. ಬೆಳೆ ಇಮ್ಮಡಿಯಾಯಿತೆಂದು ಚೀಲದ ಎತ್ತರವನ್ನು ಇಮ್ಮಡಿಸಿದರೆ, ಆಕಾರ ಕೆಡದಿರಲೆಂದು ಅಗಲವನ್ನೂ ಇಮ್ಮಡಿಸಬೇಕಾಗುತ್ತದೆ. ಆಗ ಚಿತ್ರದ ಕ್ಷೇತ್ರಫಲವು ನಾಲ್ಮಡಿಯಾಗುವುದು. ನೋಡುವವನು ಮೋಸಹೋಗುವನು. 1925ರಲ್ಲಿ ವಿಯೆನ್ನಾ ನಗರದಲ್ಲಿ ಸಾಮಾಜಿಕ ಹಾಗೂ ಆರ್ಥಿಕ ವಿಷಯಗಳ ವಸ್ತುಸಂಗ್ರಹಾಲಯವನ್ನು ತೆರೆದ ಆಟೋ ನ್ಯೂರಾತನು ಇದಕ್ಕೆ ಸರಳವಾದ ಪರಿಹಾರವನ್ನು ಅನುಸರಿಸಿದನು: ದೊಡ್ಡ ಸಂಖ್ಯೆಗೆ ದೊಡ್ಡ ಚಿತ್ರವಲ್ಲ, ಹೆಚ್ಚು ಚಿತ್ರಗಳು.

ಈ ನಿಯಮವನ್ನು ಸಮಾನ ಚೌಕಗಳಿಗೆ ಅನ್ವಯಿಸಿದರೆ ದೊರೆಯುವುದೇ ‘ವಾಫಲ್’ ಆಲೇಖ. ವಾಫಲ್ ಎಂಬುದು ಚೌಕುಳಿ ಅಚ್ಚಿನಲ್ಲಿ ಬೇಯಿಸಿದ ಯುರೋಪಿನ ಒಂದು ತಿಂಡಿ. ನಮ್ಮ ಮನೆಗಳ ಕೌದಿಯನ್ನು ನೆನೆದರೂ ಸಾಕು. ಒಂದೊಂದು ತುಂಡೂ ಒಂದು ನಿಶ್ಚಿತ ಪ್ರಮಾಣಕ್ಕೆ ಸಮ. ತುಂಡುಗಳನ್ನು ಸಾಲುಸಾಲಾಗಿ ಪೇರಿಸಿದರೆ ಸ್ತಂಭವಾಗುತ್ತದೆ.

ಇದನ್ನು ಗಣಕಯಂತ್ರದಿಂದ ಬರೆಯಿಸಲು ‘ಆರ್’ ಎಂಬ ಭಾಷೆಯು ಅನುಕೂಲ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬವರು ಅದನ್ನು ರಚಿಸಿದರು. 1995ರಿಂದ ಅದು ಯಾರಿಗಾದರೂ ಉಚಿತವಾಗಿ ದೊರೆಯುತ್ತಿದೆ. ವಿಧಾನದ ತಿರುಳೆಲ್ಲವೂ ಪ್ರಾಥಮಿಕ ಶಾಲೆಯ ಭಾಗಾಕಾರದಲ್ಲಿದೆ. ಸ್ತಂಭದ ಅಗಲ 5 ಚೌಕಗಳೆಂದಿಟ್ಟುಕೊಳ್ಳೋಣ. ಚೌಕಗಳಿಗೆ 0, 1, 2 ಎಂದು ಕ್ರಮಸಂಖ್ಯೆ ಕೊಟ್ಟು, ಪ್ರತಿಯೊಂದನ್ನೂ 5ರಿಂದ ಭಾಗಿಸಬೇಕು. ಭಾಗಲಬ್ಧವು ಸಾಲನ್ನೂ ಶೇಷವು ಕಂಬವನ್ನೂ ತಿಳಿಸುತ್ತವೆ. 13ನೆಯ ಚೌಕದ ಕ್ರಮಸಂಖ್ಯೆ 12; ಭಾಗಲಬ್ಧ 2, ಶೇಷ 2; ಎಂದರೆ ಕೆಳಗಿನಿಂದ ಮೂರನೆಯ ಸಾಲು, ಎಡದಿಂದ ಮೂರನೆಯ ಕಂಬ. ಹೀಗೆ ಸ್ಥಾನಗಳು ಸಿದ್ಧವಾದ ಬಳಿಕ ‘ಜಿಜಿಪ್ಲಾಟ್2’ ಎಂಬ ಉಪಕರಣಕ್ಕೆ ಆ ಸ್ಥಾನಗಳಲ್ಲಿ ಹಂಚುಗಳನ್ನು ಇಡುವಂತೆ ಆಜ್ಞೆ ಕೊಡಬೇಕು. ಹಂಚುಗಳ ನಡುವೆ ಬಿಳಿಯ ಗೆರೆ ಬಿಡಬೇಕು. ಎರಡೂ ಅಕ್ಷಗಳ ಮಾನ ಒಂದೇ ಇರಬೇಕು; ಇಲ್ಲವಾದರೆ ಚೌಕವು ಆಯತವಾಗುವುದು.

ಈಗ ಒಂದು ನಿಜವಾದ ಉದಾಹರಣೆ. 2011ರ ಜನಗಣತಿಯಂತೆ ನಮ್ಮ ವಿಜಯಪುರ ಜಿಲ್ಲೆಯ ಜನಸಂಖ್ಯೆ 21,77,331. ಅದರಲ್ಲಿ ಪುರುಷರು 11,11,022, ಸ್ತ್ರೀಯರು 10,66,309. ಒಂದು ಚೌಕಕ್ಕೆ ಒಂದು ಲಕ್ಷವೆಂದು ಎಣಿಸಿದರೆ ಪುರುಷರಿಗೆ 11.11, ಸ್ತ್ರೀಯರಿಗೆ 10.66. ಪೂರ್ಣಾಂಕಕ್ಕೆ ತಂದಾಗ ಇಬ್ಬರಿಗೂ ಹನ್ನೊಂದು ಹನ್ನೊಂದು ಚೌಕಗಳು! ಎರಡು ಸ್ತಂಭಗಳೂ ಸಮವಾಗಿ ನಿಂತು, 44,713ರ ಅಂತರವು ಕಾಣದೆ ಹೋಗುತ್ತದೆ. ಒಂದು ಚೌಕಕ್ಕೆ ಹತ್ತು ಸಾವಿರವೆಂದರೆ 111 ಮತ್ತು 107 ಚೌಕಗಳಾಗಿ ಅಂತರವು ಕಣ್ಣಿಗೆ ಬೀಳುವುದು. ಸಾವಿರ ಪುರುಷರಿಗೆ 960 ಸ್ತ್ರೀಯರು ಎಂಬ ಗಂಭೀರವಾದ ಸಂಗತಿಯು ಚೌಕದ ಬೆಲೆಯನ್ನು ನಾವು ಹೇಗೆ ಆರಿಸಿದೆವೆಂಬುದರ ಮೇಲೆ ಕಾಣಲೂಬಹುದು, ಮರೆಯಾಗಲೂಬಹುದು. ಯಂತ್ರವು ಈ ವಿವೇಕವನ್ನು ಕೊಡಲಾರದು. ಅದು ಆಜ್ಞಾಪಾಲಕ ಮಾತ್ರ.

ಶೇಕಡಾ ಪ್ರಮಾಣಗಳಿಗೆ ನೂರು ಚೌಕಗಳ ಹಾಸು ಯೋಗ್ಯ. ಅದೇ ಗಣತಿಯಲ್ಲಿ, ಏಳು ವರ್ಷ ತುಂಬಿದವರ ಪೈಕಿ, ಜಿಲ್ಲೆಯ ಪುರುಷರಲ್ಲಿ ನೂರಕ್ಕೆ ಸುಮಾರು 77 ಮಂದಿಯೂ ಸ್ತ್ರೀಯರಲ್ಲಿ 57 ಮಂದಿಯೂ ಸಾಕ್ಷರರು. ಹತ್ತು ಸಾಲುಗಳ ಎರಡು ಹಾಸುಗಳನ್ನು ಅಕ್ಕಪಕ್ಕದಲ್ಲಿ ಬರೆದು ಸಾಕ್ಷರರ ಚೌಕಗಳಿಗೆ ಬಣ್ಣ ತುಂಬಿರಿ. ಒಂದರಲ್ಲಿ 23, ಇನ್ನೊಂದರಲ್ಲಿ 43 ಚೌಕಗಳು ಬರಿದಾಗಿ ಉಳಿಯುವುವು. ಆ ಬರಿದಾದ ಚೌಕಗಳು ಯಾವ ಭಾಷಣಕ್ಕಿಂತಲೂ ಸ್ಪಷ್ಟವಾಗಿ ಮಾತನಾಡುತ್ತವೆ.

ಇನ್ನು ಕೆಲವು ಎಚ್ಚರಿಕೆಗಳು. ಒಂದು ಮೊತ್ತವನ್ನು ಮೂರು ಸಮಪಾಲು ಮಾಡಿದರೆ ಪ್ರತಿಪಾಲೂ 33.3, ಪೂರ್ಣಾಂಕಕ್ಕೆ ತಂದರೆ ಒಟ್ಟು 99 ಚೌಕಗಳೇ ಆಗುವುವು. ಇಂತಹ ಕೊರತೆ ಬಂದಾಗ, ಯಾವ ಪಾಲಿನ ಭಿನ್ನಭಾಗವು ಅತಿ ದೊಡ್ಡದೋ ಅದಕ್ಕೆ ಮೊದಲು ಒಂದು ಚೌಕವನ್ನು ಕೂಡಿಸುವುದು ರೂಢಿ; ಭಿನ್ನಗಳೂ ಸಮವಾದಲ್ಲಿ ಆ ಮಾತನ್ನು ಅಡಿಯಲ್ಲಿ ಬರೆಯಬೇಕು. ಎರಡನೆಯದಾಗಿ, ಒಂದು ಚೌಕದ ಬೆಲೆ ಎಷ್ಟೆಂಬುದು ಚಿತ್ರದ ಮೇಲೆಯೇ ಇರಬೇಕು. ಮೂರನೆಯದಾಗಿ, ಹೋಲಿಸುವ ವಸ್ತುಗಳು ಹೋಲಿಕೆಗೆ ಅರ್ಹವಾಗಿರಬೇಕು. ತಿಕೋಟಾ ಮತ್ತು ಬಬಲೇಶ್ವರಗಳು ಪ್ರತ್ಯೇಕ ತಾಲೂಕುಗಳಾದದ್ದು 2011ರ ಗಣತಿಯ ಅನಂತರ. ಆ ಗಣತಿಯ ಪಟ್ಟಿಯಲ್ಲಿ ಅವೆರಡೂ ವಿಜಯಪುರ ತಾಲೂಕಿನೊಳಗೇ ಸೇರಿವೆ. ಈಗಿನ ಮೂರು ತಾಲೂಕುಗಳಿಗೆ ಮೂರು ಸ್ತಂಭಗಳನ್ನು ನಿಲ್ಲಿಸಬೇಕಾದರೆ ಗ್ರಾಮವಾರು ಅಂಕಿಗಳನ್ನು ತೆಗೆದು, ಹೊಸ ಎಲ್ಲೆಗಳಂತೆ ಕೂಡಿಸಬೇಕು.

ವಿದ್ಯಾರ್ಥಿಗಳು ಇದನ್ನು ಗಣಕಯಂತ್ರವಿಲ್ಲದೆಯೂ ಪ್ರಯೋಗಿಸಿ ನೋಡಬಹುದು. ತಮ್ಮ ಗ್ರಾಮದ ಸಾಕ್ಷರತೆಯ ಅಂಕಿಗಳನ್ನು ಪಡೆದು, ಚೌಕುಳಿ ಕಾಗದದಲ್ಲಿ ನೂರು ಮನೆಗಳನ್ನು ಗುರುತಿಸಿ ಬಣ್ಣ ತುಂಬಲಿ. ಬರಿದಾದ ಮನೆಗಳನ್ನು ಎಣಿಸುವಾಗ ಮಾತ್ರ, ಅಲ್ಲಿರುವುದು ಕಾಗದವಲ್ಲ, ನೆರೆಹೊರೆಯ ಮನುಷ್ಯರೆಂಬುದನ್ನು ಮರೆಯದಿರಲಿ.